ಎರಡು ಹಲ್ಲು, ಒಂದು ಸಹಿ

೧೨ ಜೂನ್ ೨೦೦೪, ಶನಿವಾರ. ಸರಗೂರು

ಮುಂದಿನ ಎರಡು ಹಲ್ಲು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಕೆರೆ ಏರಿಯ ಮೆಟ್ಟಿಲಲ್ಲಿ ಜಾರಿದಾಗ ಲಸಿಕೆ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡೆ, ಮುಖವನ್ನು ಕಲ್ಲಿಗೆ ಕೊಟ್ಟೆ. ಪೆಟ್ಟಿಗೆಯೊಳಗಿನ ಒಂದು ಸೀಸೆಯೂ ಒಡೆಯಲಿಲ್ಲ. ಇದಕ್ಕೆ ನಮ್ಮ ಆಸ್ಪತ್ರೆಯ ಡಾಕ್ಟರ್ ಸಾಹೇಬರು ತಿಂಗಳ ಮೀಟಿಂಗಿನಲ್ಲಿ ಎಲ್ಲರ ಮುಂದೆ ಕೊಟ್ಟ ಬಹುಮಾನ: "ಯಶೋಧರಮ್ಮ, ಇನ್ನು ಮೇಲೆ ನೀವು ಬೈದರೆ ಬರೀ ಗಾಳಿ ಬರುತ್ತೆ."

ಎಲ್ಲರೂ ನಕ್ಕರು. ನಾನೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ. ಆಗ ಯಾಕೆ ನಕ್ಕೆನೋ! ಈಗ ಬರೆಯುವಾಗ ಮೈ ಉರಿಯುತ್ತಿದೆ. ಹತ್ತೊಂಬತ್ತು ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿ ಊರೂರು ಅಲೆದಿದ್ದೇನೆ. ಎಷ್ಟು ಹೆರಿಗೆ, ಎಷ್ಟು ಚುಚ್ಚುಮದ್ದು! ಆದರೂ ಈಗ ಯಾರ ಮನೆಗೆ ಹೋದರೂ ನನ್ನ ಕಣ್ಣು ನೋಡುವವರಿಲ್ಲ, ನೋಡುವುದೆಲ್ಲ ಬಾಯಿಯನ್ನೇ.

ತೆಗೆದು ಹಾಕುವ ಸೆಟ್ಟು ಕಟ್ಟಿಸಿಕೊ ಎಂದು ಎಲ್ಲರ ಸಲಹೆ. ರಾತ್ರಿ ಲೋಟದಲ್ಲಿ ಹಲ್ಲು ನೆನೆಹಾಕಿ ಮಲಗುವ ವಯಸ್ಸೇ ನನ್ನದು? ನಲವತ್ತಮೂರು. ನಮ್ಮವರು ತಮ್ಮ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಸಾಮಾನು ತರಲು ಹುಣಸೂರಿಗೆ ಹೋಗಿದ್ದಾಗ ಒಂದು ಬೋರ್ಡು ನೋಡಿ ಬಂದಿದ್ದಾರೆ. ಮುಗುಳ್ನಗೆ ದಂತ ಚಿಕಿತ್ಸಾಲಯ. 'ಒಂದೇ ದಿನದಲ್ಲಿ ಶಾಶ್ವತ ಹಲ್ಲು.' ಮೂಳೆಗೇ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಹಾಕುತ್ತಾರಂತೆ. ಬೆಂಗಳೂರಿನ ಸ್ಪೆಷಲಿಸ್ಟ್ ಒಬ್ಬರು ಹದಿನೈದು ದಿನಕ್ಕೊಂದು ಭಾನುವಾರ ಬರುತ್ತಾರಂತೆ.

೨೦ ಜೂನ್, ಭಾನುವಾರ

ಆಯಿತು! ಬೆಳಿಗ್ಗೆ ಹತ್ತೂವರೆಗೆ ಕುರ್ಚಿಯ ಮೇಲೆ ಮಲಗಿದವಳು ಮಧ್ಯಾಹ್ನ ಎರಡಕ್ಕೆ ಹಲ್ಲಿನೊಂದಿಗೆ ಎದ್ದೆ. ಎರಡು ಸ್ಕ್ರೂ, ಎರಡು ಬಿಳಿ ಹಲ್ಲು. ಕನ್ನಡಿಯಲ್ಲಿ ನೋಡಿಕೊಂಡಾಗ ಕಣ್ಣಲ್ಲಿ ನೀರು ಬಂತು. ಭವಿಷ್ಯ ನಿಧಿಯಿಂದ ತೆಗೆದ ಹಣವೆಲ್ಲ ಹೋಯಿತು. ಹೋಗಲಿ.

ಬೆಂಗಳೂರಿನ ಡಾಕ್ಟರು ಮಾತು ಕಡಿಮೆ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಕ್ಲಿನಿಕ್ ಇಟ್ಟುಕೊಂಡಿರುವ ಡಾ. ಸುನೀಲ್‌ಕುಮಾರ್ ಚುರುಕು ಹುಡುಗ. ಇಂಗ್ಲಿಷಿನಲ್ಲಿದ್ದ ಎರಡು ಹಾಳೆ ತಂದು, ಮಡಚಿ, ಕೊನೆಯ ಗೆರೆಯ ಮೇಲೆ ಬೆರಳಿಟ್ಟು, "ಇಲ್ಲೊಂದು ಸೈನ್ ಹಾಕಿಬಿಡಿ ಮೇಡಂ, ಫಾರ್ಮಾಲಿಟಿ" ಎಂದ. ಹಾಕಿದೆ. ನನಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ ಎಂದು ಹೇಳೋಣ ಅಂದುಕೊಂಡಿದ್ದೆ. ಅವರು ಕೇಳಲಿಲ್ಲ. ಬೇಕಿದ್ದರೆ ಕೇಳುತ್ತಿದ್ದರು, ಡಾಕ್ಟರಿಗೆ ನಾನು ಪಾಠ ಹೇಳಬೇಕೆ ಎಂದು ಸುಮ್ಮನಾದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೆ ಅವನ ಮುಖ ನೋಡಿ ನಕ್ಕೆ. ಪಾಪ, ಗಾಬರಿಯಾದ.

೨೪ ಜೂನ್

ಊತ. ಎರಡೇ ದಿನ ಅಂದಿದ್ದರು, ಇವತ್ತಿಗೆ ನಾಲ್ಕು. ಮುದ್ದೆ ನುಂಗುವುದೂ ಕಷ್ಟ. ಫೋನ್ ಮಾಡಿದರೆ "ಮಾತ್ರೆ ಮುಂದುವರಿಸಿ ಮೇಡಂ" ಎಂದು ರಿಸೆಪ್ಷನ್ ಹುಡುಗಿ ಹೇಳುತ್ತಾಳೆ.

೮ ಜುಲೈ, ಗುರುವಾರ

ಇವತ್ತು ಸಂತಾನಹರಣ ಕ್ಯಾಂಪು. ಟಾರ್ಗೆಟ್ಟು ಇಲ್ಲ ಎಂದು ಬಾಯಲ್ಲಿ ಹೇಳುತ್ತಾರೆ, ಮೀಟಿಂಗಿನಲ್ಲಿ ಮಾತ್ರ ಯಾರದು ಎಷ್ಟು ಕೇಸು ಎಂದು ಎದ್ದು ನಿಲ್ಲಿಸಿ ಕೇಳುತ್ತಾರೆ. ನನ್ನದು ಏಳು. ಸಾಹೇಬರು ಮೊದಲ ಸಲ "ಗುಡ್" ಎಂದರು.

ಸಾಕಾಗಿ ಹೋಯಿತು. ಕೆರೆಯಾಚೆ ಊರಿನ ಚಿಕ್ಕಬೀರಮ್ಮನದು ಮುಗಿಯದ ಪ್ರಶ್ನೆ. ಮೂರು ಮಕ್ಕಳ ತಾಯಿ, ಇನ್ನೂ ಇಪ್ಪತ್ತಾರು. "ಒಟ್ಟೆ ಎಷ್ಟುದ್ದ ಕುಯ್ತಾರೆ ನರ್ಸಮ್ಮ? ಒಗೆಸೊಪ್ಪು ಕೀಳಾಕೆ ಯಾವಾಗ ಓಗ್ಬೋದು? ಒರೆ ಒರ್ಬೋದಾ?" ಬೆಂಚಿನ ತುಂಬ ಜನ, ಒಳಗಿನಿಂದ ಸಾಹೇಬರ ಕೂಗು, ನನ್ನ ವಸಡಲ್ಲಿ ಚಳುಕು. "ಎಲ್ಲಾ ಸರಿಹೋಗುತ್ತೆ ಬಾ" ಎಂದು ಹೆಬ್ಬೆಟ್ಟು ಒತ್ತಿಸಿ ಒಳಗೆ ಕಳಿಸಿದೆ. ಈ ಹೆಂಗಸರಿಗೆ ತಾಳ್ಮೆಯೇ ಇಲ್ಲ.

೧೬ ಆಗಸ್ಟ್

ಬಲಗಡೆಯ ಹಲ್ಲು ಅಲ್ಲಾಡುತ್ತಿದೆ. ಹೌದೋ ಅಲ್ಲವೋ ಎಂದು ದಿನಕ್ಕೆ ಇಪ್ಪತ್ತು ಸಲ ನಾಲಗೆಯಿಂದ ಮುಟ್ಟಿ ನೋಡುತ್ತೇನೆ. ಹೌದು. ಬಾಯಿಂದ ವಾಸನೆ ಬೇರೆ. ನನ್ನ ಬಾಯಿಯ ವಾಸನೆ ನನಗೇ ಹೇಸಿಗೆ.

೨೨ ಆಗಸ್ಟ್, ಭಾನುವಾರ

ಹುಣಸೂರಿನಿಂದ ಬಂದವಳೇ ಪೆನ್ನು ಹಿಡಿದಿದ್ದೇನೆ. ಎಲ್ಲ ಬರೆಯುತ್ತೇನೆ.

ಬೆಂಗಳೂರಿನ ಡಾಕ್ಟರು ಹೋದ ತಿಂಗಳಿಂದ ಬರುತ್ತಿಲ್ಲವಂತೆ. ಸುನೀಲ್‌ಕುಮಾರ್ ಕನ್ನಡಿ ಹಿಡಿದು ನೋಡಿದ. ಎಡಗಡೆಯದೂ ಸಡಿಲ ಎಂದ, ಹವಾಮಾನ ಹೇಳಿದ ಹಾಗೆ.

"ಯಾಕೆ ಹೀಗಾಯಿತು ಡಾಕ್ಟರೇ?"

"ಕೆಲವರ ಬಾಡಿ ತಗೊಳ್ಳಲ್ಲ ಮೇಡಂ. ನಿಮಗೆ ಶುಗರ್ ಇದೆಯಾ?"

ಈಗ ಕೇಳುತ್ತಾನೆ! ಇದೆ ಎಂದೆ.

"ಮತ್ತೆ ಮೊದಲೇ ಹೇಳಬೇಕಿತ್ತಲ್ಲ? ನೀವೇ ನರ್ಸು, ನಿಮಗೆ ಗೊತ್ತಿರಲ್ವಾ?"

"ನೀವು ಕೇಳಬೇಕಿತ್ತಲ್ಲ?"

ಡ್ರಾಯರಿನಿಂದ ಆ ಎರಡು ಹಾಳೆ ತೆಗೆದ. ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿದ. ಅದರಲ್ಲಿ ಇದೆಯಂತೆ: ರೋಗಿಗೆ ಎಲ್ಲ ಅಪಾಯಗಳನ್ನೂ ವಿವರಿಸಲಾಗಿದೆ, ಅವರಿಗೆ ಅರ್ಥವಾಗಿದೆ, ಒಪ್ಪಿದ್ದಾರೆ. ಕೆಳಗೆ ನನ್ನ ಸಹಿ. ದುಂಡಗಿನ, ಅಚ್ಚುಕಟ್ಟಾದ, ನನ್ನದೇ ಸಹಿ.

"ಇದನ್ನು ನನಗೆ ಯಾರು ಓದಿ ಹೇಳಿದರು?"

"ಸೈನ್ ಮಾಡಿದ್ದೀರಲ್ಲ ಮೇಡಂ."

ಎಕ್ಸ್‌ರೇ ಕೊಡಿ ಎಂದೆ, ಬೆಂಗಳೂರಿನಲ್ಲಿದೆ ಎಂದ. ಯಾವ ಕಂಪನಿಯ ಸ್ಕ್ರೂ ಹಾಕಿದ್ದೀರಿ ಎಂದೆ, ಅವರನ್ನೇ ಕೇಳಬೇಕು ಎಂದ. ಅವರ ನಂಬರು ಎಂದೆ. ಬದಲಾಗಿದೆಯಂತೆ. ಕೂಗಿದೆ. ಹೌದು, ಜನ ತುಂಬಿದ ಕ್ಲಿನಿಕ್ಕಿನಲ್ಲಿ ಕೂಗಿದೆ. ಅಲ್ಲಾಡುವ ಹಲ್ಲಿಗೆ ಎಂಜಲು ಸಿಡಿಯಿತು. ಯಾರೂ ನಗಲಿಲ್ಲ.

೨೬ ಆಗಸ್ಟ್, ಗುರುವಾರ

ರಜೆ ಹಾಕಿ ಮೈಸೂರಿಗೆ ಹೋದೆ. ವಯಸ್ಸಾದ ಒಬ್ಬ ಲೇಡಿ ಡಾಕ್ಟರು. ಮೊದಲು ಬಾಯಿ ನೋಡಲಿಲ್ಲ, ಮಾತಾಡಿಸಿದರು. ಏನೇನು ಕಾಯಿಲೆ, ಏನೇನು ಮಾತ್ರೆ, ವಸಡಲ್ಲಿ ರಕ್ತ ಬರುತ್ತಿತ್ತೇ, ಮನೆಯಲ್ಲಿ ಯಾರಿಗೆ ಸಕ್ಕರೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಯುವ ರಕ್ತಪರೀಕ್ಷೆ ಬರೆದುಕೊಟ್ಟರು, ಪಕ್ಕದ ಲ್ಯಾಬಿನಲ್ಲಿ ಮಾಡಿಸಿ ತಂದೆ. ತುಂಬ ಜಾಸ್ತಿ ಇತ್ತು. ನಾನು ಆಸ್ಪತ್ರೆಯವಳು, ಈ ಪರೀಕ್ಷೆಯನ್ನು ಇದುವರೆಗೆ ಮಾಡಿಸಿಕೊಂಡಿರಲಿಲ್ಲ.

ಆಮೇಲೆ ಸ್ಕ್ರೂಗಳನ್ನು ತೆಗೆದರು. ತೆಗೆದರು ಅನ್ನುವುದೇ ತಪ್ಪು. ಎರಡೂ ಬೆರಳಿಗೇ ಬಂದವು.

"ಮೂಳೆ ಇದನ್ನು ಹಿಡಿದುಕೊಳ್ಳೋಕೆ ತಿಂಗಳುಗಟ್ಟಲೆ ಬೇಕಮ್ಮ" ಎಂದರು. "ಕೆಲವರಿಗೆ ಅವತ್ತೇ ಹಲ್ಲು ಕೂರಿಸಬಹುದು, ಎಲ್ಲರಿಗೂ ಅಲ್ಲ. ನಿಮ್ಮ ಸಕ್ಕರೆ ಈ ಮಟ್ಟದಲ್ಲಿರುವಾಗ ನಾನಾಗಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಮೊದಲು ಅದು ಹತೋಟಿಗೆ ಬರಬೇಕು. ಮೂಳೆ ಎಷ್ಟು ದಪ್ಪ ಇದೆ ಅಂತ ಸರಿಯಾಗಿ ನೋಡಬೇಕು. ಪಕ್ಕದ ಹಲ್ಲುಗಳ ಆಸರೆಯಲ್ಲಿ ಹಲ್ಲು ಕಟ್ಟಬಹುದು, ತೆಗೆದು ಹಾಕೋ ಸೆಟ್ಟೂ ಇದೆ, ಅಂತ ಹೇಳಬೇಕು. ಇದು ಒಮ್ಮೊಮ್ಮೆ ಕೂರೋದಿಲ್ಲ ಅಂತಲೂ ಹೇಳಬೇಕು. ಕೂತರೂ ಮುಗೀತು ಅಂತ ಅಲ್ಲ, ದಿನಾ ಚೆನ್ನಾಗಿ ಉಜ್ಜಬೇಕು, ಆಗಾಗ ತೋರಿಸಬೇಕು. ಯಾವ ಕಂಪನಿದು, ಯಾವ ಅಳತೆದು ಅಂತ ಒಂದು ಚೀಟಿ ನಿಮ್ಮ ಕೈಲಿ ಇರಬೇಕು. ನಾಳೆ ನಾನು ಸತ್ತರೆ ಇನ್ನೊಬ್ಬ ಡಾಕ್ಟರಿಗೆ ಗೊತ್ತಾಗೋದು ಬೇಡವೆ?"

ಗೋಡೆ ಗಡಿಯಾರ ನೋಡಿದೆ. ಇಷ್ಟೆಲ್ಲ ಹೇಳಲು ಅವರಿಗೆ ಹಿಡಿದದ್ದು ಹತ್ತು ನಿಮಿಷ. ಹತ್ತು ನಿಮಿಷ! ಅದನ್ನು ನನಗೆ ಕೊಡಲು ಆ ಇಬ್ಬರಿಗೆ ಬಿಡುವಿರಲಿಲ್ಲ.

ರಾತ್ರಿ ನಮ್ಮವರಿಗೆ ಹೇಳಿದೆ. ಊಟ ಮಾಡುತ್ತಲೇ ಕೇಳಿದರು. "ಕಾಂಕ್ರೀಟು ಒಣಗದೆ ಬೋಲ್ಟು ಬಿಗುದ್ರೆ ಮೋಟ್ರು ನಿಲ್ತದಾ? ಇಷ್ಟು ನಂಗೇ ಗೊತ್ತು, ಅವ್ರಿಗೆ ಗೊತ್ತಿಲ್ವಾ?" ಎಂದು, ಬೋರ್ಡು ನೋಡಿ ಬಂದವರು ತಾವೇ ಎಂದು ನೆನಪಾಗಿಯೋ ಏನೋ, ಊಟ ಅರ್ಧಕ್ಕೇ ಬಿಟ್ಟೆದ್ದರು.

೫ ಸೆಪ್ಟೆಂಬರ್

ಗ್ರಾಹಕರ ವೇದಿಕೆಗೆ ದೂರು ಬರೆಯುತ್ತಿದ್ದೇನೆ. ನಾಲ್ಕನೆಯ ಕರಡು. ಮೈಸೂರಿನ ವಕೀಲ ಪುಟ್ಟಸ್ವಾಮಿಯವರು ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ ಎಂದರು. ಬೇಡ ಎಂದೆ. ಇಷ್ಟೆಲ್ಲ ಆಗಿದ್ದು ನಾನು ಓದದ ಕಾಗದದಿಂದ, ಮತ್ತೊಂದಕ್ಕೆ ಸಹಿ ಹಾಕುವುದಿಲ್ಲ. ಮುಖ್ಯವಾದ ವಾಕ್ಯ ಹೀಗೆ ಬಂದಿದೆ: 'ನನ್ನ ದೇಹಕ್ಕೆ ಏನು ಮಾಡಲಿದ್ದಾರೆ, ಆಮೇಲೆ ಏನಾಗಬಹುದು ಎಂಬುದನ್ನು ತಿಳಿಸದೆ, ಅವಸರದಲ್ಲಿ ನನ್ನಿಂದ ಸಹಿ ಪಡೆದಿರುತ್ತಾರೆ.' ಚೆನ್ನಾಗಿದೆ. ಇವರಿಗೆ ಎರಡು ಸಲ ಓದಿ ಹೇಳಿದೆ. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಅಂಗನವಾಡಿಯಲ್ಲಿ, ಕೇಳಿದವರಿಗೆಲ್ಲ ಹೇಳಿದ್ದೇನೆ. ಕೇಳದವರಿಗೂ ಹೇಳಿದ್ದೇನೆ.

೧೪ ಸೆಪ್ಟೆಂಬರ್, ಮಂಗಳವಾರ

ಕೆರೆಯಾಚೆ ಊರಿಗೆ ಲಸಿಕೆಗೆಂದು ಹೋದವಳು ಚಿಕ್ಕಬೀರಮ್ಮನ ಮನೆ ಮುಂದೆ ನಿಂತೆ. ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಜ್ವರ. ಹೊಟ್ಟೆಯ ಗಾಯ ಕೀವಾಗಿದೆ. ಹೊಲಿಗೆ ಬಿಚ್ಚಿದ ಮೂರನೆಯ ದಿನಕ್ಕೇ ಹೊಗೆಸೊಪ್ಪಿನ ಹೊರೆ ಹೊತ್ತಳಂತೆ. ಗಾಯ ಬಾಯಿಬಿಟ್ಟಿತಂತೆ. ಅರಿಸಿನ ಮೆತ್ತಿಕೊಂಡು ಎರಡು ತಿಂಗಳು ಹಾಗೇ ಕೆಲಸ ಮಾಡಿದ್ದಾಳೆ.

"ನಿಂಗೇನು ಬುದ್ಧಿ ಇಲ್ವಾ? ಆಪರೇಷನ್ ಆದವಳು ಯಾಕೆ ಹೊರೆ ಹೊತ್ತೆ?" ಎಂದು ಗದರಿದೆ.

ಮಾತಾಡಿದ್ದು ಅವಳ ಅತ್ತೆ ಮರಮ್ಮ. ಒಲೆ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಒರ್ಬೋದಾ ಅಂತ ನಿನ್ನೇ ಕೇಳುದ್ಲಲ್ಲವ್ವ. ನಾನು ಪಕ್ದಾಗೇ ಇದ್ದೆ. ಎಲ್ಲಾ ಸರೋಯ್ತದೆ ಬಾ ಅಂದೆ. ನಿನ್ ಎಲ್ಡು ಅಲ್ಲು ಓಗಿದ್ಕೆ ಊರೂರೆಲ್ಲ ಬಯ್ಕೊಂಡು ತಿರುಗ್ತಿದ್ದೀಯಂತೆ, ಡಾಕುಟ್ರು ಯೋಳ್ಲಿಲ್ಲ, ಯೋಳ್ಲಿಲ್ಲ ಅಂತವ. ನನ್ ಸೊಸೆ ಒಟ್ಟೆ ಕುಯ್ಸುವಾಗ ನೀನೇನ್ ಯೋಳ್ದೆ?"

ಎಂಥ ಮಾತು! ಆ ವ್ಯಾಪಾರಿಗಳಿಗೂ ನನಗೂ ಹೋಲಿಕೆಯೇ? ನಾನು ಒಂದು ಪೈಸೆ ಮುಟ್ಟಿದವಳಲ್ಲ. ಇವರ ಮನೆಯ ಮೂರು ಹೆರಿಗೆಗೂ ನಾನೇ ಬಂದಿದ್ದೆ, ಒಂದಕ್ಕೆ ಮಳೆಯಲ್ಲಿ ಮೂರು ಮೈಲಿ ನಡೆದು. ಅವತ್ತು ಕ್ಯಾಂಪಿನಲ್ಲಿ ಮೂವತ್ತು ಹೆಂಗಸರಿದ್ದರು. ಒಬ್ಬೊಬ್ಬರಿಗೆ ಪುರಾಣ ಹೇಳುತ್ತ ಕೂತರೆ ಆಗುತ್ತದೆಯೆ? ಮನೆಗೆ ಕಳಿಸುವಾಗ ಯಾರಾದರೂ ಹೇಳಿಯೇ ಇರುತ್ತಾರೆ. ಹೇಳಿರಲೇಬೇಕು. ಮಾತ್ರೆಯ ಜೊತೆ ಚೀಟಿ ಕೊಟ್ಟಿರುತ್ತಾರೆ. ಓದಲು ಬರದಿದ್ದರೆ ಯಾರನ್ನಾದರೂ ಕೇಳಬೇಕಿತ್ತು. ಕೇಳದಿದ್ದರೆ ನಾನೇನು ಮಾಡಲಿ?

ಗಾಯ ತೊಳೆದು, ಚಿಕ್ಕಬೀರಮ್ಮನನ್ನು ಜೀಪಿನಲ್ಲಿ ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಸೇರಿಸಿ ಬಂದೆ. ಥ್ಯಾಂಕ್ಸ್ ಎಂದು ಒಬ್ಬರೂ ಹೇಳಲಿಲ್ಲ.

೧೫ ಸೆಪ್ಟೆಂಬರ್

ಏನೂ ಬರೆಯುವಂಥದ್ದಿಲ್ಲ.

೧೭ ಸೆಪ್ಟೆಂಬರ್

ಆಸ್ಪತ್ರೆಯ ಬೀರುವಿನಿಂದ ನಮ್ಮ ಕ್ಯಾಂಪಿನ ಒಪ್ಪಿಗೆ ಪತ್ರದ ಕಟ್ಟು ತೆಗೆದೆ. ಒಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕನ್ನಡದಲ್ಲೇ ಇದೆ, ಇರುವೆ ಸಾಲಿನಂಥ ಅಕ್ಷರ. 'ಈ ಮೇಲಿನ ಎಲ್ಲ ವಿಷಯಗಳನ್ನು ನನಗೆ ನನ್ನ ಭಾಷೆಯಲ್ಲಿ ಓದಿ ಹೇಳಲಾಗಿದೆ.' ಇಂಥವು ಎಷ್ಟು ನನ್ನ ಕೈಯಿಂದ ಹೋಗಿವೆಯೋ. ಪೂರ್ತಿ ಓದಿದ್ದು ಇವತ್ತೇ.

ಅಚ್ಚು ಹಾಕಿಸುವವರಿಗೆ ಸ್ವಲ್ಪ ದಪ್ಪ ಅಕ್ಷರ ಹಾಕಿಸಲು ಏನು ರೋಗ?

೨ ಅಕ್ಟೋಬರ್

ಚಿಕ್ಕಬೀರಮ್ಮ ಮನೆಗೆ ಬಂದಿದ್ದಾಳೆ. ದಿನ ಬಿಟ್ಟು ದಿನ ಡ್ರೆಸಿಂಗ್. ಇವತ್ತು ಐದನೆಯದು. ಭಾರ ಎತ್ತಬಾರದು ಎಂದು ಅವಳ ಗಂಡ ಚಿಕ್ಕಮಾದುವನ್ನೂ ಮರಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಎಷ್ಟು ದಿನ, ಯಾಕೆ, ಎತ್ತಿದರೆ ಒಳಗೆ ಏನಾಗುತ್ತದೆ, ಎಲ್ಲ. ಕೊಡಪಾನವೂ ಬೇಡ ಎಂದೆ. ಚಿಕ್ಕಮಾದು, "ಅಂಗಾದ್ರೆ ನೀರ್ ತರೋರ್ಯಾರು?" ಎಂದ. "ನಿನಗೆ ಕೈಯಿಲ್ವಾ?" ಎಂದೆ. ಮರಮ್ಮ ಮುಸುಮುಸು ನಕ್ಕಳು. ನನ್ನ ಬೋಳು ಬಾಯಿಂದ ಬೈಗುಳ ಚೆನ್ನಾಗಿಯೇ ಬರುತ್ತದೆ.

೧೮ ನವೆಂಬರ್, ಗುರುವಾರ

ಕ್ಯಾಂಪು. ನಾನು ಕರೆದುಕೊಂಡು ಹೋದದ್ದು ಆರು ಜನ. ಸುಬ್ಬಮ್ಮ, ಮಂಚಮ್ಮ, ಮಂಚಮ್ಮನ ನಾದಿನಿ ರಾಣಿ, ಚಿಕ್ಕಸಿದ್ದಮ್ಮ, ಗೌರಿ, ಸಣ್ಣತಾಯಮ್ಮ. ಹುಣಸೆಮರದ ಕೆಳಗೆ ಕೂರಿಸಿಕೊಂಡು ಪತ್ರ ಓದಿದೆ. ಇದು ಆದ ಮೇಲೆ ಮತ್ತೆ ಮಗು ಬೇಕು ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ ಎಂದೆ. ಅಪರೂಪಕ್ಕೆ ಆಪರೇಷನ್ ಕೈಕೊಟ್ಟು ಬಸುರಾಗುವುದೂ ಉಂಟು ಎಂದೆ. ಗಂಡಸರಿಗೂ ಒಂದು ಆಪರೇಷನ್ ಇದೆ, ಇದಕ್ಕಿಂತ ಸಣ್ಣದು ಎಂದೆ. ಗೌರಿ ಬಾಯಿಗೆ ಕೈಯಿಟ್ಟುಕೊಂಡು, "ಅಯ್ಯೋ, ಇದ್ನ ಯಾರೂ ಯೋಳೇ ಇಲ್ವಲ್ಲ!" ಎಂದಳು. ಕೇಳಿದ್ದನ್ನೇ ಕೇಳಿದರು. ಒಂದು ಗಂಟೆಯಾಯಿತು.

ಸಣ್ಣತಾಯಮ್ಮ, "ನಂಗ್ಯಾಕೋ ಈಗ ಬ್ಯಾಡ ಕಣಕ್ಕ" ಎಂದು ಎದ್ದು ಹೋದಳು. ಗೌರಿ ಗಂಡನನ್ನು ಕೇಳಿ ಬರುತ್ತೇನೆ ಎಂದು ಹೋದಳು.

ಸಾಹೇಬರು ಥಿಯೇಟರಿನ ಬಾಗಿಲಿಗೆ ಬಂದು ಕಿರುಚಿದರು. "ಆರು ಅಂತ ಬರೆಸಿ ನಾಲ್ಕು ತಂದಿದ್ದೀರಿ! ಕೇಸು ಓಡಿಸೋಕೆ ನಿಮಗೆ ಸಂಬಳಾನಾ?"

"ಅವು ಕೇಸಲ್ಲ ಸಾರ್. ಒಬ್ಬಳು ಗೌರಿ, ಒಬ್ಬಳು ಸಣ್ಣತಾಯಮ್ಮ" ಎಂದೆ. ನೋಟಿಸು ಕೊಡುತ್ತಾರಂತೆ. ಕೊಡಲಿ. ಕನ್ನಡದಲ್ಲಿದ್ದರೆ ಓದುತ್ತೇನೆ.

೧೯ ಏಪ್ರಿಲ್ ೨೦೦೫, ಮಂಗಳವಾರ

ಮೈಸೂರು. ವೇದಿಕೆಯ ಮುಂದೆ ನನ್ನ ಪಾಟೀಸವಾಲು. ಕ್ಲಿನಿಕ್ಕಿನ ವಕೀಲ ನಯವಾದ ಮನುಷ್ಯ. ನಾನು ಎಷ್ಟು ಓದಿದ್ದೇನೆ, ಎಷ್ಟು ವರ್ಷದ ಸರ್ವಿಸು ಎಂದೆಲ್ಲ ಕೇಳಿ, ಕೊನೆಗೆ ಈ ಪ್ರಶ್ನೆ ಹಾಕಿದ.

"ನೀವೂ ಆಪರೇಷನ್ನಿಗೆ ಜನರ ಒಪ್ಪಿಗೆ ತಗೋತೀರಲ್ಲ? ಪ್ರತಿಯೊಬ್ಬರಿಗೂ ಎಲ್ಲವನ್ನೂ ವಿವರಿಸಿ, ಆಮೇಲೇ ಹೆಬ್ಬೆಟ್ಟು ಹಾಕಿಸುತ್ತಿದ್ದಿರಾ?"

ಪುಟ್ಟಸ್ವಾಮಿಯವರು ಎದ್ದು, ಈ ಪ್ರಶ್ನೆ ಸಂಬಂಧವಿಲ್ಲದ್ದು ಎಂದರು. ಅಧ್ಯಕ್ಷರು ನನ್ನ ಕಡೆ ನೋಡಿದರು.

"ಇಲ್ಲ ಸ್ವಾಮಿ" ಎಂದೆ. "ಹೇಳುತ್ತಿರಲಿಲ್ಲ. ಒಬ್ಬಳಿಗೆ ಗಾಯ ಕೀವಾಗಿ ಸಾಯುವ ಹಾಗಾಯಿತು. ಅದು ತಪ್ಪು. ನನ್ನದು ತಪ್ಪಾದರೆ ಇವರದು ಸರಿ ಹೇಗಾಗುತ್ತದೆ?"

ವಕೀಲ 'ಅಷ್ಟೇ' ಎಂದು ಕೂತ. ಹೊರಗೆ ಪುಟ್ಟಸ್ವಾಮಿಯವರು ತಲೆ ಚಚ್ಚಿಕೊಂಡರು. "ಕೇಸನ್ನು ತಗೊಂಡು ಹೋಗಿ ಅವರ ಕೈಲಿ ಇಟ್ಟುಬಿಟ್ರಲ್ಲಮ್ಮ!" ಜೊತೆಗೆ ಬಂದಿದ್ದ ನಮ್ಮವರು ಬಸ್ಸಿನಲ್ಲಿ ಕೋಟೆ ದಾಟುವವರೆಗೆ ಟಿಕೆಟ್ಟು ಮಡಚುತ್ತ, ಬಿಚ್ಚುತ್ತ ಕೂತರು. ಆಮೇಲೆ, "ಹಸಿವಾಗ್ತಾ ಇಲ್ವಾ ನಿಂಗೆ?" ಎಂದರು. ಭಯಂಕರ ಹಸಿವಾಗಿತ್ತು.

೯ ಆಗಸ್ಟ್, ಮಂಗಳವಾರ

ಆದೇಶ ಬಂತು. ನಾವು ಗೆದ್ದಿದ್ದೇವೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸದೆ ಪಡೆದ ಸಹಿ ಒಪ್ಪಿಗೆಯಲ್ಲ ಎಂದು ಬರೆದಿದ್ದಾರೆ. ಕೊಟ್ಟ ಹಣ ವಾಪಸು, ಎಕ್ಸ್‌ರೇ ಮತ್ತು ದಾಖಲೆ ಒಂದು ತಿಂಗಳೊಳಗೆ ಕೊಡಬೇಕು. ಪುಟ್ಟಸ್ವಾಮಿಯವರು ಫೋನಿನಲ್ಲಿ ಕುಣಿದಾಡಿದರು. ಇವರು ಅಂಗಡಿಗೆ ಬಂದವರಿಗೆಲ್ಲ ಮೈಸೂರುಪಾಕು ಹಂಚಿದರು.

ನನಗೆ ಯಾಕೋ ಸಿಟ್ಟು ಇಳಿಯಲೇ ಇಲ್ಲ. ಇಡೀ ಒಂದು ವರ್ಷ ಆ ಹುಡುಗ ಸುನೀಲ್‌ಕುಮಾರ್ ವಕೀಲನ ಹಿಂದೆ ಬಂದು ಕೂತ, ಎದ್ದು ಹೋದ. ಇವತ್ತೂ ಹಣ ಕಟ್ಟುತ್ತಾನೆಯೇ ಹೊರತು ಒಂದು ಮಾತು ಆಡುವುದಿಲ್ಲ. ನನಗೆ ಬೇಕಿದ್ದದ್ದು ಅದೇ. ಹಣ ಕೊಡದಿದ್ದರೂ ಬದುಕುತ್ತಿದ್ದೆ. 'ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ.' ಇಷ್ಟು ಹೇಳಲು ಬಾಯಿ ನೋಯುತ್ತದೆಯೆ?

ಸಂಜೆ ಕೆರೆಯಾಚೆ ಊರಿಗೆ ನಡೆದೆ. ಚಿಕ್ಕಬೀರಮ್ಮ ಜಗಲಿಯಲ್ಲಿ ಕೂತು ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದಳು. ಕೈಗೆ ಅಂಟು ಮೆತ್ತಿತ್ತು. ಪಕ್ಕದಲ್ಲಿ ಕೂತೆ. ಆದೇಶದ ಸುದ್ದಿ ಹೇಳಲೆಂದು ಹೋಗಿದ್ದು. ಬಾಯಿಂದ ಬಂದದ್ದು ಬೇರೆ.

"ಚಿಕ್ಕಬೀರಿ, ಅವತ್ತು ನೀನು ಕೇಳಿದೆ. ನಾನು ಹೇಳಲಿಲ್ಲ. ಹೇಳಬೇಕಿತ್ತು."

ಅವಳು ಕೈ ನಿಲ್ಲಿಸಲಿಲ್ಲ. ಒಂದು ಕೋಲು ಮುಗಿಸಿದಳು. ಇನ್ನೊಂದಕ್ಕೆ ದಾರ ಎಳೆದುಕೊಂಡಳು.

"ಊಂ ಕಣಕ್ಕ" ಎಂದಳು. "ಯೋಳ್ಬೇಕಿತ್ತು."

ಆಗಲಿ ಬಿಡು ಅನ್ನಲಿಲ್ಲ. ನಾನೂ ಅನ್ನಿಸಿಕೊಳ್ಳಲು ಕಾಯಲಿಲ್ಲ. ಸ್ವಲ್ಪ ಹೊತ್ತಿಗೆ ಸೊಪ್ಪಿನ ರಾಶಿಯನ್ನು ನನ್ನ ಕಡೆ ತಳ್ಳಿದಳು. "ಸುಮ್ನೆ ಯಾಕ್ ಕುಂತಿದ್ದೀಯೆ, ಎಲೆ ಎತ್ತಿ ಕೊಡು. ಎಲ್ಡೆಲ್ಡು. ತೊಟ್ಟು ಈ ಕಡೆ ಬರ್ಲಿ."

ದೀಪ ಹಚ್ಚುವವರೆಗೆ ಎತ್ತಿ ಕೊಟ್ಟೆ.